ಎರಿಕ್ ಗಿಲ್ ಮತ್ತು ಹೆಸರಿಲ್ಲದ ಶಿಲ್ಪಿಯ ಕಲ್ಪನೆ

ಭಾರತದಲ್ಲಿ ಲಲಿತಕಲೆಯೆಂಬುದೇ ಇಲ್ಲವೆಂದು ಸರ್ ಜಾರ್ಜ್ ಬರ್ಡ್‌ವುಡ್ಡರು 1910ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ನುಡಿದರು. ಇದನ್ನು ಒಪ್ಪದ ಕಲಾವಿದರೂ ವಿದ್ವಾಂಸರೂ ಅದೇ ವರ್ಷ ಇಂಡಿಯಾ ಸೊಸೈಟಿಯನ್ನು ಸ್ಥಾಪಿಸಿದರು. ಆ ಕಾಲದಲ್ಲಿ ನಮ್ಮ ದೇವಾಲಯಶಿಲ್ಪಕ್ಕೆ ಮನಸೋತ ಇಂಗ್ಲಿಷ್ ಶಿಲ್ಪಿಗಳಲ್ಲಿ ಎರಿಕ್ ಗಿಲ್ಲರು (1882–1940) ಗಣ್ಯರು. ಆನಂದ ಕುಮಾರಸ್ವಾಮಿಯವರ ‘ವಿಶ್ವಕರ್ಮ’ ಎಂಬ ಚಿತ್ರಸಂಪುಟಕ್ಕೆ 1914ರಲ್ಲಿ ಮುನ್ನುಡಿ ಬರೆದವರೂ ಅವರೇ.

ಗಿಲ್ಲರ ಮೆಚ್ಚುಗೆ ಕೇವಲ ಬೆರಗಲ್ಲ. ಅಂದಿನ ಯೂರೋಪಿನಲ್ಲಿ ಶಿಲ್ಪಿಯು ಮಣ್ಣಿನಲ್ಲಿ ಮಾದರಿಯನ್ನು ಮಾಡುವುದೂ ಅದನ್ನು ಬೇರೆಯವರು ಕಲ್ಲಿಗಿಳಿಸುವುದೂ ರೂಢಿಯಾಗಿತ್ತು. ಗಿಲ್ಲರು ತಾವೇ ಉಳಿ ಹಿಡಿದು ನೇರವಾಗಿ ಕಲ್ಲಿನಲ್ಲಿ ಕೆತ್ತಿದರು. ಕಲ್ಪನೆಯೂ ಕೈಗೆಲಸವೂ ಬೇರ್ಪಡದ ಭಾರತೀಯ ಪದ್ಧತಿಯು ಅವರ ನಂಬಿಕೆಗೆ ಬಲವಿತ್ತಿತು. ಈ ಅಂಶದಲ್ಲಿ ಅವರ ದೃಷ್ಟಿ ಯಥಾರ್ಥವೆಂದೇ ನಾವು ಭಾವಿಸುತ್ತೇವೆ.

ಆದರೆ ಈ ಮೆಚ್ಚುಗೆಯೊಡನೆ ಬೆಳೆದುಬಂದ ಇನ್ನೊಂದು ಕಲ್ಪನೆ ಪರಿಶೀಲನಾರ್ಹವಾದುದು. ಭಾರತೀಯ ಶಿಲ್ಪಿ ತನ್ನ ಹೆಸರನ್ನು ಬಯಸದವನು, ಪರಂಪರೆಯಲ್ಲಿ ಕರಗಿಹೋದವನು ಎಂಬುದೇ ಆ ಕಲ್ಪನೆ. ಧನಗೆರೆಯಿಂದ ಒಂದೇ ದಿನದಲ್ಲಿ ಹೋಗಿಬರಬಹುದಾದ ಸೋಮನಾಥಪುರವು ಇದಕ್ಕೆ ಉತ್ತರ ಕೊಡುತ್ತದೆ. ಹೊಯ್ಸಳ ಮೂರನೆಯ ನರಸಿಂಹನ ಕಾಲದಲ್ಲಿ ಸೋಮನಾಥ ದಂಡನಾಯಕನು ಕಟ್ಟಿಸಿದ ಅಲ್ಲಿಯ ಕೇಶವಾಲಯದ ಹಲವು ವಿಗ್ರಹಗಳ ಪೀಠಗಳಲ್ಲಿ ಮಲ್ಲಿತಮ್ಮ, ಚೌಡೆಯ, ಬಾಲೆಯ ಮೊದಲಾದ ಶಿಲ್ಪಿಗಳ ಹೆಸರುಗಳಿವೆ. ಆರ್. ನರಸಿಂಹಾಚಾರ್ಯರು 1917ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇವುಗಳನ್ನು ದಾಖಲಿಸಿದ್ದಾರೆ. ‘ವಿಶ್ವಕರ್ಮ’ ಹೊರಬಂದು ಆಗ ಮೂರು ವರ್ಷಗಳಾಗಿದ್ದವು. ಕಲ್ಲಿನಲ್ಲಿ ಅಕ್ಷರ ಕೊರೆಯುವುದೇ ಗಿಲ್ಲರ ಮೊದಲ ಕಸುಬಾಗಿತ್ತು. ಈ ಪೀಠಗಳ ಮುಂದೆ ಕುಳಿತಿದ್ದರೆ ಅವರ ಕಣ್ಣು ಮೊದಲು ಆ ಅಕ್ಷರಗಳ ಮೇಲೆಯೇ ಬೀಳುತ್ತಿತ್ತೆಂದು ಊಹಿಸಬಹುದು.

ಇಷ್ಟರಿಂದ ಮಲ್ಲಿತಮ್ಮನನ್ನು ಇಂದಿನ ಅರ್ಥದ ಸ್ವತಂತ್ರ ಕಲಾವಿದನೆಂದು ಹೇಳುವುದು ಸಾಧುವಲ್ಲ. ದೇವತೆಯ ಲಕ್ಷಣ, ಆಯುಧಗಳ ಕ್ರಮ, ನಿಲುವು ಇವೆಲ್ಲ ಶಾಸ್ತ್ರದಿಂದ ಬಂದವು. ಆದರೂ ಅವನು ಹೆಸರು ಕೊರೆದನು. ಪರಂಪರೆಗೂ ಹೆಸರಿಗೂ ವಿರೋಧವಿಲ್ಲವೆಂಬುದೇ ಇದರ ತಾತ್ಪರ್ಯ. ಆ ವಿರೋಧವು ಯಂತ್ರಯುಗದಿಂದ ಬೇಸತ್ತ ಇಂಗ್ಲೆಂಡಿನದು, ಹೊಯ್ಸಳನಾಡಿನದಲ್ಲ.

ದೋಷವನ್ನು ವಿದೇಶೀಯರ ಮೇಲೆ ಮಾತ್ರ ಹೊರಿಸುವುದೂ ನ್ಯಾಯವಲ್ಲ. ಸುಂದರವಾದ ಗುಡಿಯನ್ನೆಲ್ಲ ಜಕಣಾಚಾರಿಗೆ ಒಪ್ಪಿಸುವ ನಾವೂ ಅದೇ ಹೆಸರುಗಳನ್ನು ಅಳಿಸಿದ್ದೇವೆ. 2023ರಲ್ಲಿ ಸೋಮನಾಥಪುರವು ಬೇಲೂರು, ಹಳೆಯಬೀಡುಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಕೊಳ್ಳೇಗಾಲ, ಯಳಂದೂರು ಸೀಮೆಯ ಸಣ್ಣ ಗುಡಿಗಳಿಗೆ ಆ ರಕ್ಷೆಯಿಲ್ಲ. ಅವುಗಳ ಪೀಠಗಳನ್ನು ಸುಣ್ಣಬಣ್ಣ ಮುಚ್ಚುವ ಮೊದಲೇ ಓದಿ ಬರೆದಿಡುವುದು ನಮ್ಮ ವಿದ್ಯಾರ್ಥಿಗಳ ಕರ್ತವ್ಯ.