ಅಗಸಿ ಮುಚ್ಚಿದ ಮೇಲೆ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳೆಯ ಊರುಗಳಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಹುಡೇವು ನಿಂತಿದೆ. ಕಲ್ಲು ಮಣ್ಣಿನಿಂದ ಎಬ್ಬಿಸಿದ ಗುಂಡನೆಯ ಬುರುಜು. ಬುಡ ಅಗಲ, ತಲೆ ಕಿರಿದು, ಮೇಲ್ಗಡೆ ಬಂದೂಕಿನ ನಳಿಗೆ ಚಾಚುವಷ್ಟು ಕಿಂಡಿ. ಈಗ ಅದರ ಸಂದಿಗಳಲ್ಲಿ ಅರಳಿ ಬೇರು ಬಿಟ್ಟಿದೆ. ಹುಡುಗರು ಹತ್ತಿ ಗಾಳಿಪಟ ಬಿಡುತ್ತಾರೆ. ಯಾರದಾದರೂ ಮನೆಯ ಪಾಯಕ್ಕೆ ಕಲ್ಲು ಕಮ್ಮಿ ಬಿದ್ದರೆ ಬುಡದಿಂದ ಒಂದೆರಡು ಕೀಳುವುದೂ ಉಂಟು. ಪುರಾತತ್ವದವರು ಕೋಟೆಗಳನ್ನು ನೋಡಿಕೊಂಡಷ್ಟು ಇವನ್ನು ನೋಡಿಕೊಂಡಿಲ್ಲ. ರಾಜರ ಹೆಸರಿಲ್ಲದ ಕಟ್ಟಡಕ್ಕೆ ಫಲಕ ಹಾಕುವವರು ಯಾರು?

ಆದರೂ ಕಲಬುರಗಿಯ ಕೋಟೆಗಿಂತ ಈ ಹುಡೇವೇ ನನಗೆ ವಿಮರ್ಶೆಗೆ ಯೋಗ್ಯವೆನಿಸುತ್ತದೆ. ಕೋಟೆ ಅಧಿಕಾರಕ್ಕಾಗಿ ಕಟ್ಟಿದ್ದು, ಹುಡೇವು ಜೀವ ಉಳಿಸಿಕೊಳ್ಳಲು ಕಟ್ಟಿದ್ದು. ಜಗತ್ತಿನ ಸಿನಿಮಾದವರು ಐವತ್ತು ವರ್ಷಕ್ಕೂ ಮೇಲ್ಪಟ್ಟು ತಲೆಕೆಡಿಸಿಕೊಂಡಿರುವ ಪ್ರಶ್ನೆಯೂ ಇದೇ. ಹೊರಗೆ ಹಿಂಡು ಬಂದಾಗ ಒಳಗೆ ಸೇರಿಕೊಂಡು ಬದುಕುವುದು ಹೇಗೆ?

ಸತ್ತವರು ಎದ್ದು ಹಿಂಡುಹಿಂಡಾಗಿ ಬರುವುದು, ಬದುಕುಳಿದವರು ಒಂದು ಮನೆ ಹೊಕ್ಕು ಕಿಟಕಿ ಬಾಗಿಲಿಗೆ ಹಲಗೆ ಹೊಡೆಯುವುದು, ಈ ಕಥೆಗೆ ಗಟ್ಟಿ ರೂಪ ಬಂದದ್ದು 1968ರಲ್ಲಿ, ಜಾರ್ಜ್ ರೊಮೆರೊ ತೆಗೆದ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಸಿನಿಮಾದಿಂದ. ಆಮೇಲೆ ಜೊಂಬಿ ದೇಶದೇಶ ಸುತ್ತಿತು. 2016ರಲ್ಲಿ ತಮಿಳಿನ 'ಮಿರುದನ್', 2021ರಲ್ಲಿ ತೆಲುಗಿನ 'ಜಾಂಬಿ ರೆಡ್ಡಿ' ಬಂದವು. ಎರಡನೆಯದರಲ್ಲಂತೂ ಹಿಂಡು ಕರ್ನೂಲು ಸೀಮೆಯ ಫ್ಯಾಕ್ಷನ್ ಜಗಳದ ನಡುವೆಯೇ ನುಗ್ಗುತ್ತದೆ. ಮ್ಯಾಕ್ಸ್ ಬ್ರೂಕ್ಸ್ ಎಂಬಾತ 2003ರಲ್ಲಿ ಜೊಂಬಿಗಳಿಂದ ಪಾರಾಗುವ ಕೈಪಿಡಿಯನ್ನೇ ಬರೆದ. ಮಹಡಿ ಸೇರಿ ಮೆಟ್ಟಿಲು ಒಡೆದುಹಾಕಿ ಎನ್ನುವಂಥ ಸಲಹೆಗಳನ್ನು ಅವನು ನಗದೆ ಕೊಡುತ್ತಾನೆ. ಅಮೆರಿಕದ ಕ್ಯಾನ್ಸಸ್‌ನಲ್ಲಿ ಹಳೆಯ ಕ್ಷಿಪಣಿ ಬಾವಿಯೊಂದನ್ನು ಕೊಂಡು ನೆಲದಡಿ 15 ಅಂತಸ್ತಿನ ವಸತಿ ಮಾಡಿ ಮಾರಿದ್ದಾರೆ. ಒಳಗೆ ಈಜುಕೊಳವೂ ಇದೆ. ಪ್ರಳಯ ಬಂದರೂ ಈಜು ತಪ್ಪಬಾರದಲ್ಲ.

ಈ ಕಥೆಗಳ ಸೆಳೆತ ಗೋಡೆಯಲ್ಲಿ ಇಲ್ಲ, ಬಾಗಿಲಲ್ಲಿ ಇದೆ. ಹೊರಗಿನಿಂದ ಬಾಗಿಲು ಬಡಿಯುವವನು ಆಗಲೇ ಸತ್ತವನು. ಅವನಿಗೆ ಹಸಿವುಂಟು, ಹೆಸರಿಲ್ಲ. ಆದ್ದರಿಂದ ಬಾಗಿಲು ತೆಗೆಯದವನಿಗೆ ಪಾಪ ತಟ್ಟುವುದಿಲ್ಲ. ಯಾರನ್ನು ಒಳಗೆ ಬಿಡಬೇಕು ಎಂಬ ಕಷ್ಟದ ಲೆಕ್ಕವನ್ನು ಜೊಂಬಿ ಒಂದೇ ಏಟಿಗೆ ಅಳಿಸಿಹಾಕುತ್ತದೆ. ರೊಮೆರೊಗೆ ಮಾತ್ರ ಈ ಮೋಸ ಗೊತ್ತಿತ್ತು. ಅವನ ಚಿತ್ರದಲ್ಲಿ ಒಳಗಿನವರೇ ನೆಲಮಾಳಿಗೆ ಸೇರುವುದೋ ಮೇಲೆಯೇ ಇರುವುದೋ ಎಂದು ಕಚ್ಚಾಡಿ ಹಾಳಾಗುತ್ತಾರೆ. ಕೊನೆಗೆ ನೆಲಮಾಳಿಗೆಯಲ್ಲಿ ರಾತ್ರಿ ಕಳೆದು ಬದುಕುಳಿದ ಒಬ್ಬ ಕಪ್ಪು ಮನುಷ್ಯನನ್ನು ಬೆಳಗ್ಗೆ ಕೋವಿ ಹಿಡಿದು ಬಂದ 'ರಕ್ಷಕರು' ಜೊಂಬಿಯೆಂದು ಹೊಡೆದುಹಾಕುತ್ತಾರೆ. ಅವನ ನಂತರ ಬಂದ ಬಹುಪಾಲು ಚಿತ್ರಗಳು ಕೋವಿಗಳ ಸಂಖ್ಯೆ ಹೆಚ್ಚಿಸಿದವು, ಈ ಮುಳ್ಳನ್ನು ತೆಗೆದುಹಾಕಿದವು.

ಈಗ ಹುಡೇವಿಗೆ ಬರೋಣ. ಕಟ್ಟಡವಾಗಿ ಅದರ ಬುದ್ಧಿವಂತಿಕೆಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಹದಿನೆಂಟನೆಯ ಶತಮಾನದ ಕೊನೆ, ಹತ್ತೊಂಬತ್ತರ ಮೊದಲ ಎರಡು ದಶಕ ಈ ಬಯಲಿಗೆ ಕೆಟ್ಟ ಕಾಲ. ಒಂದು ಕಡೆ ನಿಜಾಮ, ಇನ್ನೊಂದು ಕಡೆ ಪೇಶ್ವೆ. ನಡುವೆ ಸಂಬಳ ಸಿಗದ ಸಿಪಾಯಿಗಳು, ದರೋಡೆಕೋರರು, ಕುದುರೆಯೇರಿ ಬರುವ ಪಿಂಡಾರಿಗಳು. 1817–18ರ ಯುದ್ಧದಲ್ಲಿ ಇಂಗ್ಲಿಷರು ಪಿಂಡಾರಿಗಳನ್ನು ಮುರಿಯುವತನಕ ದಖ್ಖನಿನ ಹಳ್ಳಿಗಳಿಗೆ ನೆಮ್ಮದಿ ಇರಲಿಲ್ಲ. ಮುಂದೆ ಸುರಪುರದಲ್ಲಿ ಆಡಳಿತ ನಡೆಸಿದ ಮೆಡೋಸ್ ಟೇಲರ್ ತನ್ನ 1839ರ ಠಕ್ಕರ ಕಾದಂಬರಿಯಲ್ಲಿ ನಾಯಕನನ್ನು ಪಿಂಡಾರಿಗಳ ದಂಡಿಗೂ ಸೇರಿಸುತ್ತಾನೆ. ಆ ಪುಟಗಳನ್ನು ಓದಿದರೆ ಕುದುರೆಯ ಧೂಳು ಕಂಡ ಊರಿನ ಗತಿ ಏನೆಂದು ತಿಳಿಯುತ್ತದೆ.

ಪಿಂಡಾರಿಗೆ ಮುತ್ತಿಗೆ ಹಾಕಿ ಕೂರಲು ಪುರುಸೊತ್ತಿರಲಿಲ್ಲ. ತೋಪು ಇರಲಿಲ್ಲ, ಆಹಾರದ ದಾಸ್ತಾನು ಇರಲಿಲ್ಲ. ಸಿಕ್ಕದ್ದನ್ನು ದೋಚಿ ಮುಂದಿನ ಊರಿಗೆ ಓಡಬೇಕು. ಅಂಥವನ ಎದುರು ಒಂದು ಹಗಲು ತಡೆದು ನಿಂತರೆ ಸಾಕು, ಊರು ಗೆದ್ದ ಹಾಗೆ. ಹುಡೇವು ಈ ಒಂದು ಹಗಲಿನ ಲೆಕ್ಕಕ್ಕೆ ಕಟ್ಟಿದ್ದು. ಮೇಲೆ ಕೂತ ಕಾವಲುಗಾರನಿಗೆ ಈ ಬಯಲಿನಲ್ಲಿ ಹರದಾರಿ ದೂರದ ಧೂಳೂ ಕಾಣುತ್ತದೆ. ಕೂಗು ಬಿದ್ದರೆ ಹೊಲದವರು ಓಡಿ ಬರುತ್ತಾರೆ, ಊರ ಹೆಬ್ಬಾಗಿಲಾದ ಅಗಸಿ ಹಾಕುತ್ತಾರೆ, ಅಡ್ಡಗಂಬ ತಳ್ಳುತ್ತಾರೆ. ಗೌಡರ, ದೇಸಾಯರ ವಾಡೆಗಳಲ್ಲೂ ಇದೇ ಜಾಣತನ. ಆನೆಬಾಗಿಲು ಎಷ್ಟೇ ದೊಡ್ಡದಿರಲಿ, ದಿನದ ಓಡಾಟಕ್ಕೆ ಅದರೊಳಗಿನ ದಿಂಡಿಬಾಗಿಲು ಮಾತ್ರ. ಒಳಗೆ ಬರುವವ ತಲೆ ತಗ್ಗಿಸಿಯೇ ಬರಬೇಕು, ಒಬ್ಬೊಬ್ಬನಾಗಿಯೇ ಬರಬೇಕು.

ಕಾಳಿನ ವ್ಯವಸ್ಥೆ ಇನ್ನೂ ಚೆಂದ. ನೆಲದಡಿಯ ಹಗೇವಿನಲ್ಲಿ ಜೋಳ ತುಂಬಿ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಮೇಲೆ ನಡೆಯುವವನಿಗೆ ಸುಳಿವೂ ಸಿಗದು. ವರ್ಷಗಟ್ಟಲೆ ಕಾಳು ಕೆಡದು. ಒಳಗಿನ ಗಾಳಿಯನ್ನು ಕಾಳೇ ಉಸಿರಾಡಿ ಮುಗಿಸುವುದರಿಂದ ಹುಳಕ್ಕೆ ಜೀವವಿಲ್ಲ. ಅದೇ ಕಾರಣಕ್ಕೆ ಬಾಯಿ ತೆರೆದ ಕೂಡಲೇ ಇಳಿದ ಮನುಷ್ಯನಿಗೂ ಜೀವವಿಲ್ಲ. ಹಾಗಾಗಿ ತೆರೆದು ಹೊತ್ತು ಕಾದು, ದೀಪ ಇಳಿಬಿಟ್ಟು, ಅದು ಆರಲಿಲ್ಲವೆಂದರೆ ಮಾತ್ರ ಇಳಿಯುತ್ತಿದ್ದರು. ಡಬ್ಬಿಯ ಅನ್ನವನ್ನು ಗುಡ್ಡೆ ಹಾಕಿ ಅದಕ್ಕೊಂದು ಅವಧಿ ಮುಗಿಯುವ ತಾರೀಖು ಹಚ್ಚಿರುವ ಕ್ಯಾನ್ಸಸ್‌ನ ಸಿರಿವಂತರಿಗಿಂತ ನಮ್ಮ ಒಕ್ಕಲಿಗನ ಉಗ್ರಾಣ ಮೇಲು ಎಂದು ಹೇಳಲು ನನಗೆ ಸಂಕೋಚವಿಲ್ಲ. ಆದರೆ 1876–78ರ ಬರಗಾಲದಲ್ಲಿ ಹಗೇವು ಇದ್ದ ಊರುಗಳಲ್ಲೂ ಜನ ಸತ್ತರು. ಹಗೇವು ಇದ್ದದ್ದು ಕೆಲವರ ಅಂಗಳದಲ್ಲಿ, ಹಸಿವು ಇದ್ದದ್ದು ಎಲ್ಲರ ಹೊಟ್ಟೆಯಲ್ಲಿ.

ಅಂಕ ಕಳೆಯುವ ಕೆಲಸ ಶುರುವಾಗುವುದು ಇಲ್ಲಿಂದ. ಅಗಸಿಯ ಒಳಗೆ ಯಾರು? ಈ ಸೀಮೆಯ ಹಳೆಯ ಊರುಗಳ ನಕ್ಷೆ ಮನಸ್ಸಿನಲ್ಲಿ ತಂದುಕೊಳ್ಳಿ. ಗೋಡೆಯ ಒಳಗೆ ಗೌಡರ ವಾಡೆ, ಕುಲಕರ್ಣಿಯ ಮನೆ, ಗುಡಿ, ಮಠ, ಬಜಾರ. ದಲಿತರ ಕೇರಿ ಸಾಮಾನ್ಯವಾಗಿ ಅಗಸಿಯ ಆಚೆ. ಕುದುರೆಯ ಧೂಳು ಎದ್ದಾಗ ಮೊದಲು ಎದುರಾಗುವುದು ಆ ಕೇರಿ. ಊರಿಗೆ ಸುದ್ದಿ ಮುಟ್ಟಿಸುವ, ರಾತ್ರಿ ಕಾವಲು ತಿರುಗುವ ಚಾಕರಿಯೂ ಬಹಳಷ್ಟು ಕಡೆ ಅದೇ ಕೇರಿಯ ಜನರ ಹೆಗಲ ಮೇಲೆ. ಕಾವಲಿಗೆ ಬೇಕಾದ ಜನ, ಗೋಡೆಯ ಅಳತೆ ಹಾಕುವಾಗ ನೆನಪಿಗೆ ಬರಲಿಲ್ಲ. ಹುಡೇವಿನ ಮೇಲಿಂದ ನೋಡಿದವನಿಗೆ ಆ ಗುಡಿಸಲುಗಳು ಕಾಣುತ್ತಿರಲಿಲ್ಲವೆ? ಕಾಣದೆ ಇರಲು ಸಾಧ್ಯವೇ ಇಲ್ಲ, ಗೋಡೆಯ ಬುಡದಲ್ಲೇ ಇದ್ದವು. ಇದನ್ನು ಹೇಳದೆ ಹುಡೇವನ್ನು ಊರೊಟ್ಟಿನ ಒಗ್ಗಟ್ಟಿನ ಗುರುತು ಎಂದು ಹೊಗಳುವ ಲೇಖನಗಳು ಅರ್ಧ ಸತ್ಯ ಹೇಳುತ್ತವೆ.

1948ರಲ್ಲಿ ಒಳಗೆ ಯಾರು ಎಂಬ ಈ ಪ್ರಶ್ನೆ ಎರಡು ಸಲ ಎದ್ದಿತು. ಹೈದರಾಬಾದು ಸಂಸ್ಥಾನ ಭಾರತಕ್ಕೆ ಸೇರಲು ಒಪ್ಪದೆ ಇದ್ದಾಗ ಕಾಸಿಂ ರಜ್ವಿಯ ರಜಾಕಾರರು ಹಳ್ಳಿಗಳ ಮೇಲೆ ಬಿದ್ದರು. ಗಡಿಯಂಚಿನ ಆಳಂದ, ಅಫಜಲಪುರ ಕಡೆಯ ಎಷ್ಟೋ ಸಂಸಾರಗಳು ಸೊಲ್ಲಾಪುರ, ಇಂಡಿ ಕಡೆಗೆ ದಾಟಿಕೊಂಡವು. ವಾಡೆಗಳ ಬಾಗಿಲಿಗೆ ಮತ್ತೆ ಅಡ್ಡಗಂಬ ಬಿತ್ತು. ಸೆಪ್ಟೆಂಬರ್ 13ರಿಂದ 17ರವರೆಗೆ ಭಾರತದ ಸೇನೆ ನಡೆಸಿದ ಕಾರ್ಯಾಚರಣೆಯಿಂದ ರಜಾಕಾರರ ಹಾವಳಿ ಮುಗಿಯಿತು. ಆದರೆ ಆಸರೆ ಹುಡುಕುವುದು ಮುಗಿಯಲಿಲ್ಲ, ಹುಡುಕುವವರು ಬದಲಾದರು. ಕೆಲವೇ ದಿನಗಳಲ್ಲಿ ಸೇಡು ಸಾಮಾನ್ಯ ಮುಸಲ್ಮಾನರ ಮೇಲೆ ತಿರುಗಿತು. ನೆಹರೂ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲಬರ್ಗಾವನ್ನೂ, ಎಂದರೆ ಇಂದಿನ ಕಲಬುರಗಿಯನ್ನೂ, ಹೆಸರಿಸಿತು. ಸಂಸ್ಥಾನದಾದ್ಯಂತ ಸತ್ತವರು 27,000ದಿಂದ 40,000 ಎಂದು ಅಂದಾಜಿಸಿತು. ಆ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ.

ಅದೇ ವರದಿಯಲ್ಲಿ ಒಂದು ವಿವರವಿದೆ. ನೆರೆಯ ಮುಸಲ್ಮಾನರನ್ನು ಕಾಪಾಡಲು ಹೋಗಿ ಜೀವ ತೆತ್ತ ಹಿಂದೂಗಳಿದ್ದರು. ಅದರಲ್ಲೂ ಕೆಲವೆಡೆ ಹಿಂದೂ ನೇಕಾರರು ಮುಸಲ್ಮಾನ ನೇಕಾರರ ಪರವಾಗಿ ಅಡ್ಡ ನಿಂತರು ಎಂದು ಸಮಿತಿ ದಾಖಲಿಸುತ್ತದೆ. ನೇಕಾರನ ಮನೆಗೆ ಬುರುಜಿಲ್ಲ, ಕಿಂಡಿಯಿಲ್ಲ, ಇರುವುದು ಮಗ್ಗದ ಗುಂಡಿಯೊಂದು. ಭದ್ರತೆಯ ದೃಷ್ಟಿಯಿಂದ ಆ ಮನೆಗೆ ಬ್ರೂಕ್ಸನ ಕೈಪಿಡಿಯಲ್ಲಿ ಸೊನ್ನೆ ಬೀಳುತ್ತದೆ. ಆ ಹೊತ್ತಿನಲ್ಲಿ ಕೆಲವು ಜೀವ ಉಳಿದದ್ದು ಅಂಥ ಮನೆಗಳಿಂದ. ಜೊಂಬಿ ಸಿನಿಮಾ ಇದನ್ನು ತೋರಿಸಲಾರದು, ತೋರಿಸಬೇಕಾದರೆ ಹೊರಗಿರುವವನು ಮನುಷ್ಯನಾಗಬೇಕು.

ಗೋಡೆಗೂ ತನ್ನದೇ ಒಂದು ವಂಚನೆಯಿದೆ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ 4 ಗಂಟೆಗೆ ಸ್ವಲ್ಪ ಮುಂಚೆ, ಆಳಂದದ ಉತ್ತರಕ್ಕೆ, ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಸುಮಾರು 10,000 ಜನ ಸತ್ತರು. ನಡುಕ ಬಹಳ ದೊಡ್ಡದಿರಲಿಲ್ಲ, ಕೊಂದದ್ದು ಮನೆಗಳು. ಮಣ್ಣಿನಲ್ಲಿ ಕೂಡಿಸಿದ ಗುಂಡುಕಲ್ಲಿನ ದಪ್ಪ ಗೋಡೆ, ಮೇಲೆ ಮರದ ತೊಲೆ, ಅದರ ಮೇಲೆ ಬಿಸಿಲು ಇಳಿಯದಂತೆ ವರ್ಷವರ್ಷ ಹಾಕಿದ ಮಣ್ಣಿನ ಮಾಳಿಗೆ. ಇದು ಆಳಂದ, ಅಫಜಲಪುರದ ಮನೆಯೂ ಹೌದು. ಕಳ್ಳನಿಗೆ ಕನ್ನ ಹಾಕಲಾಗದ ಗೋಡೆ, ಬೇಸಿಗೆಯಲ್ಲಿ ತಂಪು ಕೊಡುವ ಗೋಡೆ, ಮಲಗಿದವರ ಮೇಲೆ ಕುಸಿಯಿತು. ತಗಡಿನ ಗುಡಿಸಲಲ್ಲಿ ಮಲಗಿದ್ದ ಬಡವನಿಗೆ ಬದುಕುವ ಅವಕಾಶ ಹೆಚ್ಚಿತ್ತು. ಒಂದು ಶತ್ರುವನ್ನು ಮನಸ್ಸಿನಲ್ಲಿಟ್ಟು ಕಟ್ಟಿದ ಆಶ್ರಯ ಇನ್ನೊಂದು ಶತ್ರು ಬಂದಾಗ ಹೇಗೆ ನಡೆದುಕೊಳ್ಳುತ್ತದೆ ಎಂಬ ಪರೀಕ್ಷೆಯನ್ನು ಬಂಕರು ಮಾರುವವರು ಎಂದೂ ಬರೆಯುವುದಿಲ್ಲ.

ಫಿರೋಜಾಬಾದನ್ನೂ ಇಲ್ಲಿ ನೆನೆಯಬಹುದು. ಕಲಬುರಗಿಯಿಂದ ಜೇವರ್ಗಿಯತ್ತ ಹೋಗುವಾಗ ಭೀಮೆಯ ದಂಡೆಯಲ್ಲಿ, 1400ರ ಸುಮಾರಿಗೆ ಫಿರೋಜ್ ಶಹಾ ಬಹಮನಿ ಕಟ್ಟಿಸಿದ ಊರು. ಮೂರು ಕಡೆ ದೈತ್ಯ ಗೋಡೆ, ನಾಲ್ಕನೆಯ ಕಡೆ ನದಿ. 1422ರಲ್ಲಿ ಅವನು ತೀರಿಕೊಂಡ, ಅವನ ತಮ್ಮ ರಾಜಧಾನಿಯನ್ನು ಬೀದರಿಗೆ ಒಯ್ದ. ಗೋಡೆ ಗಟ್ಟಿಯಾಗಿಯೇ ಉಳಿಯಿತು, ಒಳಗೆ ಕಾಯಲು ಏನೂ ಉಳಿಯಲಿಲ್ಲ.

ಇನ್ನು ಸತ್ತವರ ವಿಷಯ. ಅವರೊಂದಿಗೆ ವ್ಯವಹರಿಸುವ ಬಗೆ ಈ ನೆಲಕ್ಕೆ ಹೊಸದಲ್ಲ. ಜೇವರ್ಗಿಯ ಸುತ್ತಿನ ಬೃಹತ್ ಶಿಲಾಯುಗದ ಕಲ್ಲುಗುಪ್ಪೆಗಳನ್ನು ಅಗೆಸಿ ನೋಡಿದವನೂ ಅದೇ ಮೆಡೋಸ್ ಟೇಲರ್. ಬದುಕಿದವರಿಗೆ ಗಟ್ಟಿ ಮನೆ ಇಲ್ಲದ ಕಾಲದಲ್ಲಿ ಸತ್ತವರಿಗೆ ಬಂಡೆಯ ಮನೆ ಕಟ್ಟಿದ ಜನ ಅವರು. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ರೀತಿ ಬೇರೆ. ಭೀಮಾ ಅಮರ್ಜಾ ಸಂಗಮದ ಈ ದತ್ತ ಕ್ಷೇತ್ರಕ್ಕೆ ಗಾಳಿ ಸೋಕಿದೆ ಎನ್ನಲಾದವರನ್ನು ಮನೆಯವರೇ ಕರೆತರುತ್ತಾರೆ. ಸಂಗಮದಲ್ಲಿ ಮೀಯಿಸುತ್ತಾರೆ, ಆರತಿಯ ಹೊತ್ತಿಗೆ ಅವರು ಕೂಗಿ ಕುಣಿಯುವುದನ್ನು ಕಾಯುತ್ತಾರೆ. ಅವರಲ್ಲಿ ಹಲವರಿಗೆ ಬೇಕಾದದ್ದು ಮನೋವೈದ್ಯ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಚಿಕಿತ್ಸೆ ತಡವಾಗಿ ಕೆಟ್ಟ ಸಂಸಾರಗಳೂ ಇವೆ. ಆದರೂ ನಮ್ಮಂತಿಲ್ಲದ, ನಮ್ಮನ್ನು ಹೆದರಿಸುವ ಮೈಯೊಂದನ್ನು ಹೊರಗಿಟ್ಟು ಬಾಗಿಲು ಹಾಕುವ ಬದಲು ಕೈಹಿಡಿದು ಬಸ್ಸು ಹತ್ತಿಸುವ ಆ ತಾಯಿಯರ ಧೈರ್ಯ ಯಾವ ಜೊಂಬಿ ಚಿತ್ರದ ನಾಯಕನಿಗೂ ಇಲ್ಲ.

2020 ಬಂತು. ಮಾರ್ಚ್ 10ರಂದು ಆದ ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯವರೊಬ್ಬರದೇ. ಕೆಲವೇ ವಾರಗಳಲ್ಲಿ ಉತ್ತರ ಕರ್ನಾಟಕದ ಹಳ್ಳಿಹಳ್ಳಿಯ ದಾರಿಗೆ ಜಾಲಿಮುಳ್ಳು ಬಿತ್ತು, ಬಂಡೆ ಉರುಳಿತು, ಕೆಲವೆಡೆ ರಸ್ತೆಯನ್ನೇ ಅಗೆದರು. ಯಾರೂ ಕಲಿಸದೆ ಅಗಸಿ ವಾಪಸು ಬಂದಿತ್ತು. ಈ ಸಲ ಆಚೆ ನಿಂತವರು ಪಿಂಡಾರಿಗಳಲ್ಲ. ಮುಂಬೈ, ಪುಣೆಗೆ ಕೂಲಿಗೆ ಹೋಗಿದ್ದ ಅದೇ ಊರಿನ ಮಕ್ಕಳು, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡ ಸೊಸೆಯಂದಿರು. ಅವರನ್ನು ಊರ ಶಾಲೆಗಳಲ್ಲಿ, ಹಾಸ್ಟೆಲುಗಳಲ್ಲಿ ಇರಿಸಲಾಯಿತು. ಊರು ಹೆದರಿದ್ದರಲ್ಲಿ ತಪ್ಪು ಹುಡುಕಲಾರೆ, ರೋಗ ನಿಜವಾದದ್ದು. ಆದರೆ ಮುಳ್ಳುಬೇಲಿಯ ಆಚೆಗೆ ನೀರಿನ ಕೊಡ ಇಟ್ಟ ಊರು, ಇಡದ ಊರು ಎಂಬ ವ್ಯತ್ಯಾಸವಿತ್ತು. ವಿಮರ್ಶಕನಾಗಿ ನಾನು ನೋಡುವುದು ಆ ವ್ಯತ್ಯಾಸವನ್ನು.

ಅದೇ ವರ್ಷ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಜಲಾಶಯಗಳಿಂದ ಬಿಟ್ಟ ನೀರು ಸೊನ್ನ ಬ್ಯಾರೇಜು ದಾಟಿ ಅಫಜಲಪುರ, ಜೇವರ್ಗಿಯ ದಂಡೆಯ ಊರುಗಳಿಗೆ ನುಗ್ಗಿತು. ನೀರಿಗೆ ಗೋಡೆ ಲೆಕ್ಕಕ್ಕಿಲ್ಲ, ಮಣ್ಣಿನ ಗೋಡೆಯನ್ನಂತೂ ಅದು ಕರಗಿಸಿಯೇ ಹೋಗುತ್ತದೆ. ಜನ ಮತ್ತೆ ಸೇರಿದ್ದು ಶಾಲೆ, ಸಮುದಾಯ ಭವನಗಳಿಗೆ. ಸರ್ಕಾರದ ಕಾಗದದಲ್ಲಿ ಅದಕ್ಕೆ ಕಾಳಜಿ ಕೇಂದ್ರ ಎನ್ನುತ್ತಾರೆ, ಜನರ ಬಾಯಲ್ಲಿ ಇನ್ನೂ ಗಂಜಿ ಕೇಂದ್ರ. ಹಾಗೆ ನೋಡಿದರೆ ಈ ಮೂರು ತಾಲ್ಲೂಕುಗಳ ಇಂದಿನ ಹುಡೇವು ಸರ್ಕಾರಿ ಶಾಲೆಯೇ. ಅದು ಹಳೆಯ ಹುಡೇವಿಗಿಂತ ಮೇಲು. ಕೇರಿಯ ಹೆಂಗಸೂ ವಾಡೆಯ ಹೆಂಗಸೂ ಒಂದೇ ಸೂರಿನಡಿ ಮಲಗಬೇಕಾಗುತ್ತದೆ. ಆದರೆ ಕಟ್ಟಡವಾಗಿ ಅದು ಹುಡೇವಿನ ಮುಂದೆ ನಾಚಬೇಕು. ಹುಡೇವು ಕಟ್ಟಿದವನಿಗೆ ತನ್ನ ಶತ್ರು ಯಾರು, ಎಷ್ಟು ಹೊತ್ತು ಇರುತ್ತಾನೆ ಎಂಬುದು ಗೊತ್ತಿತ್ತು. ಶಾಲೆ ಕಟ್ಟುವ ಗುತ್ತಿಗೆದಾರನಿಗೆ ಅಲ್ಲಿ ನೂರಾರು ಜನ ವಾರಗಟ್ಟಲೆ ಇರಬೇಕಾಗಬಹುದು ಎಂದು ಯಾರೂ ಹೇಳುವುದಿಲ್ಲ. ನೆರೆಯ ಮಟ್ಟಕ್ಕಿಂತ ಎತ್ತರದ ಜಗುಲಿ, ಮಾಳಿಗೆಗೆ ಮೆಟ್ಟಿಲು, ನೀರು ನುಗ್ಗದ ಕುಡಿಯುವ ನೀರಿನ ತೊಟ್ಟಿ, ಬಾಗಿಲಿರುವ ಪಾಯಖಾನೆ, ಬಾಣಂತಿಗೊಂದು ಕೋಣೆ. ಭೀಮೆಯ ದಂಡೆಯ ಶಾಲೆಗಳ ಅಂದಾಜುಪಟ್ಟಿಯಲ್ಲಿ ಇವು ಮೊದಲ ಸಾಲಿನಲ್ಲಿ ಇರಬೇಕು. ಕಾಂಪೌಂಡು ಗೋಡೆ ಆಮೇಲೆ ಕಟ್ಟಿದರೂ ನಡೆಯುತ್ತದೆ.