ತುಟಿ ತಿದ್ದುವ ವಿದ್ಯೆ
ಟ್ರಂಪೆಟ್, ಹಾರ್ನ್‌ಗಳಲ್ಲಿ ನಾದ ಹುಟ್ಟುವುದು ಹಿತ್ತಾಳೆಯಿಂದಲ್ಲ, ಮೌತ್‌ಪೀಸಿನೊಳಗೆ ಕಂಪಿಸುವ ತುಟಿಗಳಿಂದ. ಹಾಗಾಗಿ ಶಿಷ್ಯರ ತುಟಿ ತಿದ್ದುವುದೆಂದರೆ ವಾದ್ಯದ ಮೂಲವನ್ನೇ ತಿದ್ದುವುದು. ಶಿಕಾಗೊ ಸಿಂಫನಿಯ ಹಾರ್ನ್ ವಾದಕರಾಗಿದ್ದ ಫಿಲಿಪ್ ಫಾರ್ಕಾಸ್, ಹಾರ್ನ್‌ನ ಮೌತ್‌ಪೀಸು ಮೂರರಲ್ಲಿ ಎರಡು ಪಾಲು ಮೇಲ್ದುಟಿಯ ಮೇಲೆ ಕೂರಲಿ ಎಂದರು. ಡಿಜ್ಜಿ ಗಿಲೆಸ್ಪಿ ಕೆನ್ನೆ ಉಬ್ಬಿಸಿಯೇ ಟ್ರಂಪೆಟ್ಟನ್ನು ಅದ್ಭುತವಾಗಿ ನುಡಿಸಲಿಲ್ಲವೇ, ನಿಯಮವೇಕೆ ಎಂದು ಕೇಳಬಹುದು. ನಿಜ, ಹಲ್ಲು, ದವಡೆ ಎಲ್ಲರಿಗೂ ಒಂದೇ ತೆರನಲ್ಲ. ಆದರೆ ತಾರಸ್ಥಾಯಿಗಾಗಿ ವಾದ್ಯವನ್ನು ಬಾಯಿಗೆ ಒತ್ತಿಹಿಡಿದರೆ ತುಟಿಯ ರಕ್ತಸಂಚಾರ ಕುಗ್ಗುತ್ತದೆ, ತುಟಿ ಬೇಗ ದಣಿಯುತ್ತದೆ, ನಾದ ಸೊರಗುತ್ತದೆ. ಇದಕ್ಕೆ ಪ್ರತಿಭೆಯ ರಿಯಾಯಿತಿಯಿಲ್ಲ. ಬಾಯಿಯ ಅಂಚುಗಳನ್ನು ಬಿಗಿಹಿಡಿದು ನಡುವನ್ನು ಸಡಿಲ ಬಿಡುವುದು ರೂಢಿಯಾಗಲು ತಿಂಗಳುಗಳೇ ಬೇಕು. ಅಷ್ಟರಲ್ಲಿ ಕಲಿತದ್ದೂ ಕೆಟ್ಟಂತೆ ಕೇಳಿಸುತ್ತದೆ. ಆ ಹಿನ್ನಡೆಯಲ್ಲಿ ಶಿಷ್ಯರ ಧೈರ್ಯ ಕಾಯುವುದೇ ಈ ವಿದ್ಯೆಯ ಅತ್ಯಂತ ಸೂಕ್ಷ್ಮ ಭಾಗ. ನಾದ ತುಂಬಿ ಬರುತ್ತಿದ್ದು, ದಣಿವಿಲ್ಲದಿದ್ದರೆ ಮಾತ್ರ ದಯವಿಟ್ಟು ತುಟಿ ಮುಟ್ಟಬೇಡಿ.