ಜಾರಿದರಷ್ಟೇ ಸಾಲದು

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಗ್ಯಾರೇಜುಗಳಲ್ಲಿ ಆಯಿಲ್ ಪರೀಕ್ಷೆ ಎಂದರೆ ಸಾಮಾನ್ಯವಾಗಿ ಇಷ್ಟೇ: ಡಿಪ್‌ಸ್ಟಿಕ್ ಎಳೆದು, ತುದಿಯ ಹನಿಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡುವುದು. ಎಂಜಿನ್ ಮಟ್ಟಿಗೆ ಇದನ್ನು ತೆಗೆದುಹಾಕುವಂತಿಲ್ಲ. ಡೀಸೆಲ್ ಬೆರೆತು ತೆಳುವಾದದ್ದು, ಲೋಹದ ಪುಡಿ ಸೇರಿದ್ದು ಪಳಗಿದ ಮಿಸ್ತ್ರಿಯ ಬೆರಳಿಗೆ ಗೊತ್ತಾಗುತ್ತದೆ. ಆದರೆ ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಗೆ ಎರಡು ಟ್ರೇಲರ್ ಕಬ್ಬು ಎಳೆಯುವ ಆಯಿಲ್ ಬ್ರೇಕಿನ ಟ್ರ್ಯಾಕ್ಟರಿಗೆ ಈ ಪರೀಕ್ಷೆ ಸಾಲದು. ಅದರ ಬ್ರೇಕ್ ಪ್ಲೇಟುಗಳು ಎಣ್ಣೆಯಲ್ಲೇ ಮುಳುಗಿರುತ್ತವೆ. ಆ ಎಣ್ಣೆ ಗೇರಿನ ಹಲ್ಲು ಸವೆಯದಂತೆ ಕಾಯಬೇಕು, ಪೆಡಲ್ ತುಳಿದರೆ ಪ್ಲೇಟುಗಳಿಗೆ ಹಿಡಿತವನ್ನೂ ಕೊಡಬೇಕು. ಜಾರಿಕೆ ಹೆಚ್ಚಾದರೆ ಗಾಡಿ ನಿಲ್ಲದು. ಕಡಿಮೆಯಾದರೆ ಪ್ಲೇಟು ಕಿರುಗುಟ್ಟಿ ನಡುಗುತ್ತದೆ.

ಈ ಇಕ್ಕಟ್ಟಿಗೆ ಲೆಕ್ಕ ಹಿಡಿದವರಲ್ಲಿ ಸೇನೆಯವರೂ ಇದ್ದಾರೆ. ಯುದ್ಧಭೂಮಿಗೆ ಹತ್ತು ಬಗೆಯ ಡಬ್ಬಿ ಸಾಗಿಸುವುದು ಕಷ್ಟವೆಂದು ಅಮೆರಿಕದ ಸೇನೆ ಎಂಜಿನ್ನಿಗೂ ಟ್ರಾನ್ಸ್‌ಮಿಷನ್ನಿಗೂ ಒಂದೇ ಎಣ್ಣೆ ನಿಗದಿ ಮಾಡಿತು. ಹಾಗಾಗಿ ಎಂಐಎಲ್-ಪಿಆರ್‌ಎಫ್-2104 ಎಂಬ ಅದರ ಮಾನದಂಡದಲ್ಲಿ ಘರ್ಷಣೆಯ ಪರೀಕ್ಷೆಯೂ ಸೇರಿತು. ಇಂಥ ಪರೀಕ್ಷೆಗೆ ಬಳಸುವ ಎಸ್‌ಎಇ ನಂ. 2 ಯಂತ್ರದಲ್ಲಿ ಭಾರದ ಚಕ್ರವನ್ನು ಜೋರಾಗಿ ತಿರುಗಿಸಿ, ಎಣ್ಣೆಯಲ್ಲಿರುವ ಪ್ಲೇಟುಗಳನ್ನು ಒತ್ತಿ ನಿಲ್ಲಿಸುತ್ತಾರೆ. ಎಷ್ಟು ಹೊತ್ತಿಗೆ ನಿಂತಿತು, ಹಿಡಿತ ಎಷ್ಟಿತ್ತು ಎಂದು ಅಳೆಯುತ್ತಾರೆ. ಮತ್ತೆ ತಿರುಗಿಸಿ ಮತ್ತೆ ನಿಲ್ಲಿಸುತ್ತಾರೆ, ಹೀಗೆ ಸಾವಿರಾರು ಸಲ. ಈ ಪದ್ಧತಿಯ ನಿಜವಾದ ಹೆಚ್ಚುಗಾರಿಕೆ ಇರುವುದು ಈ ಪಟ್ಟಿನಲ್ಲಿ. ಮೊದಲ ಸಲ ಚೆನ್ನಾಗಿ ಹಿಡಿಯುವ ಎಣ್ಣೆ ಬೇಕಾದಷ್ಟಿದೆ.

ಕೊರತೆಯೂ ಇದೆ. ಪರೀಕ್ಷೆಗೆ ಹೋಗುವುದು ಡಬ್ಬಿಯಿಂದ ಆಗತಾನೇ ಸುರಿದ ಎಣ್ಣೆ. ಘಟಪ್ರಭೆಯ ದಂಡೆಯ ಕೆಸರಿನಲ್ಲಿ ದುಡಿದು, ನೀರು ಸೇರಿ, ಇಡೀ ಹಂಗಾಮು ಬದಲಾಗದ ಎಣ್ಣೆಯ ಕತೆ ಅದು ಹೇಳಲಾರದು. ಅಲ್ಲಿ ಮಿಸ್ತ್ರಿಯ ಕಣ್ಣೇ ಮುಂದು: ನೀರು ಕುಡಿದ ಎಣ್ಣೆ ಹಾಲುಬಿಳುಪಾಗಿ ಕಾಣುತ್ತದೆ.

ಬೈಕಿನವರಿಗೆ ಈ ವಿಷಯ ದೂರದ್ದಲ್ಲ. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಪ್ಲೇಟು ಎಂಜಿನ್ ಎಣ್ಣೆಯಲ್ಲೇ ಇರುತ್ತದೆ. ಅದಕ್ಕೆಂದೇ ಜಪಾನಿನವರು 1998ರಲ್ಲಿ ಜಾಸೊ ಎಂಎ, ಎಂಬಿ ದರ್ಜೆಗಳನ್ನು ತಂದರು. ಎಂಬಿ ಹೆಚ್ಚು ಜಾರುವಂಥದ್ದು, ಸ್ಕೂಟರಿಗೆ ಸರಿ. ನಮ್ಮಲ್ಲಿ ಗಿರಾಕಿ ಕೇಳುವುದು ಮಾತ್ರ 20ಡಬ್ಲ್ಯು-40. ಅದು ದಪ್ಪದ ಅಳತೆ, ಹಿಡಿತದ್ದಲ್ಲ.

ಆದ್ದರಿಂದ ಅಂಗಡಿಯಲ್ಲಿ ಡಬ್ಬಿಯನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿರುವ ದರ್ಜೆ ಅಲ್ಲಿಲ್ಲದಿದ್ದರೆ ಬೇರೆ ಡಬ್ಬಿ ಕೇಳಿ.